ಆಚೆ ಎಂದರೆ ಯಾವ ಕಡೆ

ಮನುಕುಲ ಇನ್ನೂ ಬಗೆಹರಿಸಿಕೊಳ್ಳದ ಗಹನವಾದ ಪ್ರಶ್ನೆಗಳಲ್ಲಿ ‘ಆಚೆ ಎಂದರೆ ಯಾವ ಕಡೆ’ ಎನ್ನುವುದೂ ಒಂದು. ಪಂಡಿತರು ಇದಕ್ಕೆ ತಲೆ ಕೆಡಿಸಿಕೊಂಡಂತಿಲ್ಲ. ಪಟ್ಟಿ ನೇಯುವವರ ಮನೆಯೊಂದರಲ್ಲಿ ಮಾತ್ರ ಇದು ಒಂದು ಮಧ್ಯಾಹ್ನ ಸೊಸೆಯ ಕುತ್ತಿಗೆಗೆ ಬಂತು.

ಆ ಮನೆಯಲ್ಲಿ ಮಗ್ಗವಿರಲಿಲ್ಲ. ಇದ್ದದ್ದು ಅಂಗೈಗಿಂತ ಚಿಕ್ಕದಾದ ಚೌಕ ಚರ್ಮದ ತುಂಡುಗಳು. ನಾಲ್ಕು ಮೂಲೆಗೆ ನಾಲ್ಕು ತೂತು, ತೂತಿಗೊಂದು ದಾರ. ಅವನ್ನು ಇಸ್ಪೀಟಿನ ಕಟ್ಟಿನಂತೆ ಒತ್ತಾಗಿ ನಿಲ್ಲಿಸಿ ಒಟ್ಟಿಗೆ ಹೊರಳಿಸಿದರೆ ದಾರಗಳು ಬಾಯಿ ಬಿಡುತ್ತವೆ. ಆ ಬಾಯೊಳಗೆ ಲಾಳಿ ತೂರಿಸಿ, ಮರದ ಪಟ್ಟಿಯಿಂದ ಬಡಿದು, ಮತ್ತೆ ಹೊರಳಿಸಬೇಕು. ಮನೆಯವರು ಈ ತುಂಡುಗಳನ್ನು ಎಲೆ ಎನ್ನುತ್ತಿದ್ದರು. ‘ಎಲೆ ಹೊರಳಿಸು’ ಎಂಬ ಮಾತು ಗೋಡೆಯಾಚೆ ಕೇಳಿ, ಒಳಗೆ ಜೂಜು ನಡೆಯುತ್ತಿದೆಯೆಂದು ನಂಬಿದ್ದ ನೆರೆಯವರೂ ಉಂಟು. ಎಲೆ ಹೊರಳುವುದು ಎರಡೇ ಕಡೆಗೆ: ಆಚೆ, ಇಲ್ಲವೇ ಈಚೆ. ಆಚೆಗೆ ಹೊರಳಿದರೆ ಗೆರೆ ಒಂದು ಬದಿಗೆ ವಾಲುತ್ತದೆ, ಈಚೆಗೆ ಹೊರಳಿದರೆ ಇನ್ನೊಂದು ಬದಿಗೆ. ಚಿತ್ತಾರವೆಂದರೆ ಇಷ್ಟೇ, ಆದರೆ ಯಾವಾಗ ಎತ್ತ ಎಂಬುದು ಅತ್ತೆಯ ತಲೆಯೊಳಗಿತ್ತು.

ಸೊಸೆ ಮದುವೆಯಾಗಿ ಬಂದಂದಿನಿಂದ ಅತ್ತೆಯ ಎದುರು ಕೂತು ಸಿಕ್ಕಾದ ದಾರ ಬಿಡಿಸಿಕೊಟ್ಟಿದ್ದಳೇ ಹೊರತು ಎಲೆ ಮುಟ್ಟಿರಲಿಲ್ಲ. ಅವತ್ತು ಬೆಳಿಗ್ಗೆ ಅತ್ತೆ ಮೆಟ್ಟಿಲ ಮೇಲೆ ಜಾರಿ ಮಣಿಕಟ್ಟು ಉಳುಕಿಸಿಕೊಂಡಳು. ನಾಟಕ ಕಂಪನಿಯ ದರ್ಜಿ ಸಂಜೆಗೆ ಬರುವವನಿದ್ದ. ರಾಣಿಯ ಕೊರಳಪಟ್ಟಿ ಇನ್ನೂ ಗೇಣುದ್ದ ಬಾಕಿಯಿತ್ತು. ಸುದ್ದಿ ಕೇಳಿ ನಾದಿನಿ ಓಡಿ ಬಂದಳು. ಬಂದದ್ದು ತಾಯಿಯ ಕೈ ನೋಡಲು, ನೋಡಿದ್ದು ಎಲೆಗಳನ್ನು. ಅವಳಿಗೂ ನೇಯಲು ಬರುತ್ತಿತ್ತು, ಆದರೆ ಇನ್ನೊಬ್ಬರ ಕೈಯಲ್ಲಿ ಕೆಡಬಹುದಾದ್ದನ್ನು ತಾನು ಕೆಡಿಸುವಷ್ಟು ದಡ್ಡಿ ಅವಳಲ್ಲ. ಅತ್ತಿಗೆಯೇ ಮುಗಿಸಲಿ ಅಂದಳು. ಅತ್ತೆ ತೀರ್ಪು ಕೊಟ್ಟಳು: ಪಟ್ಟಿ ಸರಿಯಾಗಿ ಮುಗಿದರೆ ಎಲೆ ಸೊಸೆಗೆ, ಕೆಟ್ಟರೆ ಮಗಳಿಗೆ. ಕೆಟ್ಟರೆ ತಾನು ಸಾಯುವ ತನಕ ಇನ್ನೊಬ್ಬರ ದಾರದ ಸಿಕ್ಕು ಬಿಡಿಸುತ್ತ ಕೂರಬೇಕೆಂದು ಸೊಸೆಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಹಾಸಿನ, ಅಂದರೆ ಎಲೆಗಳಲ್ಲಿ ಪೋಣಿಸಿದ ಉದ್ದ ದಾರಗಳ, ಒಂದು ತುದಿ ಕಿಟಕಿಯ ಸರಳಿಗೆ, ಇನ್ನೊಂದು ಸೊಸೆಯ ಸೊಂಟಕ್ಕೆ. ಉಳುಕಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಅತ್ತೆ ಕಿಟಕಿಯ ಕೆಳಗೆ, ಅವಳಿಗೆ ಎದುರಾಗಿ ಕೂತಳು.

“ಆಚೆ,” ಅಂದಳು.

ಇಷ್ಟು ಕಾಲ ಎದುರು ಕೂತು ಕೇಳಿದ ಕಿವಿಗೆ ಆಚೆ ಎಂದರೆ ಅತ್ತೆಯಿಂದ ಆಚೆ. ಈಗ ಅತ್ತೆಯಿಂದ ಆಚೆ ಎಂದರೆ ತನ್ನ ಹೊಟ್ಟೆಯ ಕಡೆ. ಸೊಸೆ ಹಾಗೆಯೇ ಹೊರಳಿಸಿದಳು. ಅತ್ತೆ ಕಣ್ಣು ಮುಚ್ಚಿಕೊಂಡು ಆಚೆ, ಆಚೆ, ಈಚೆ ಎಂದು ಹೇಳುತ್ತ ಹೋದಳು, ಲಾಳಿ ಓಡಿತು. ಮುಚ್ಚಿಕೊಳ್ಳಬೇಕಾದ ವಜ್ರದ ಚಿತ್ತಾರ ಬಾಯಿ ಕಿಸಿದದ್ದನ್ನು ಮೊದಲು ಕಂಡವಳು ನಾದಿನಿ.

“ಅಮ್ಮಾ, ಕಣ್ಣು ಬಿಟ್ಟು ನೋಡು. ಅತ್ತಿಗೆ ಕೈಯಲ್ಲಿ ವಜ್ರ ಹೋಗಿ ಬದನೆಕಾಯಿ ಆಗಿದೆ.”

ಬಿಚ್ಚಬೇಕಾಯಿತು. ಲಾಳಿ ಅಡ್ಡಕ್ಕೆ ಹಾಯಿಸಿದ್ದ ಹೊಕ್ಕಿನ ದಾರ ಹಿಂದೆಗೆದು, ಎಲೆಗಳನ್ನು ಒಂದೊಂದೇ ಸುತ್ತು ಮರಳಿ ಹೊರಳಿಸುವಾಗ ಅಂಚಿನ ಕೆಂಪು ದಾರ ಉಜ್ಜಿ ಉಜ್ಜಿ ಎಳೆ ಬಿಟ್ಟಿತು. ಅತ್ತೆಗೆ ತಪ್ಪು ಎಲ್ಲಾಯಿತೆಂದು ಹೊಳೆಯಿತು. ಇದುವರೆಗೆ ನೇಯುವವಳ ಕಡೆಯಿಂದ ಹೇಳಿದ್ದವಳು, ಇನ್ನು ತಾನು ಕೂತ ಕಡೆಯಿಂದಲೇ ಲೆಕ್ಕ ಹಿಡಿದು ಹೇಳಬೇಕೆಂದು ಮನಸ್ಸಿನಲ್ಲೇ ನಿಶ್ಚಯಿಸಿದಳು. ಅದೇ ಗಳಿಗೆ ಸೊಸೆಗೂ ಹೊಳೆಯಿತು. ಇನ್ನು ಆಚೆ ಎಂದರೆ ನೇಯುವ ತನ್ನಿಂದ ಆಚೆ ಎಂದುಕೊಂಡಳು. ಇಬ್ಬರೂ ತಿದ್ದಿಕೊಂಡರು. ಯಾರೂ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಆದ್ದರಿಂದ ಇಬ್ಬರೂ ಸೇರಿ ಮತ್ತೆ ಅದೇ ತಪ್ಪು ಮಾಡಿದರು.

ಎರಡನೆಯ ಸಲ ಬಿಚ್ಚಿದಾಗ ಕೆಂಪು ದಾರ ಕೂದಲೆಳೆಯಷ್ಟು ಉಳಿಯಿತು. ಮೂರನೆಯದನ್ನು ಅದು ತಡೆಯುವುದಿಲ್ಲವೆಂದು ನೋಡಿದವರಿಗೆಲ್ಲ ಗೊತ್ತಾಗುವಂತಿತ್ತು. ಅಷ್ಟರಲ್ಲಿ ದರ್ಜಿ ಬಂದ. ರಾಣಿ ಬೆನ್ನಿಗೆ ಪಿನ್ನು ಚುಚ್ಚಿಸಿಕೊಂಡು ಕಾಯುತ್ತಿದ್ದಾಳೆ, ಬೇಗ ಆದರೆ ಒಳ್ಳೆಯದು ಎಂದು ಹೇಳಿ ಹೊಸ್ತಿಲಲ್ಲೇ ಕೂತ. ನಾದಿನಿ ಅವನಿಗೆ ನೀರು ಕೊಟ್ಟು, ಅಮ್ಮನ ಕೈ ಸರಿಯಿದ್ದಿದ್ದರೆ ಹೀಗಾಗುತ್ತಿರಲಿಲ್ಲ ಎಂದು ಅತ್ತಿಗೆಗೆ ಕೇಳುವಷ್ಟು ಮೆಲ್ಲಗೆ ಹೇಳಿದಳು.

“ಆಚೆ ಅಂದ್ರೆ ಆಚೆ ಕಣೇ,” ಅತ್ತೆ ರೇಗಿದಳು. “ನನ್ನ ಆಚೆ ಅಲ್ಲ, ನಿನ್ನ ಆಚೆ. ಅಲ್ಲ, ತಡಿ, ನಾನೀಗ ನನ್ನ ಆಚೆ ಹೇಳ್ತಿದ್ದೆ. ಹೊರಳಿಸು, ಈಚೆ.”

ಸೊಸೆ ಹೊರಳಿಸಲಿಲ್ಲ. ಎಲೆಗಳನ್ನು ಎರಡೂ ಅಂಗೈಯಲ್ಲಿ ಒತ್ತಿ ಹಿಡಿದಿದ್ದಳು.

“ಅತ್ತೆ, ನೀವಿನ್ನು ಮಾತಾಡಬೇಡಿ.”

ದರ್ಜಿ ಲೋಟವನ್ನು ಬಾಯಿಯವರೆಗೆ ಒಯ್ದವನು ಅಲ್ಲೇ ನಿಲ್ಲಿಸಿದ. ನಾದಿನಿ ತಾಯಿಯ ಮುಖ ನೋಡಿದಳು. ಆ ಮನೆಯಲ್ಲಿ ಅತ್ತೆಗೆ ಅಂಥ ಮಾತು ಹೇಳಿ ಮಾವ ಕೂಡ ದಕ್ಕಿಸಿಕೊಂಡವರಲ್ಲ.

ಸೊಸೆ ಸೊಂಟದ ಗಂಟನ್ನು ಹಾಗೇ ಬಿಟ್ಟು, ಅಲ್ಲಿ ಸುತ್ತಿಟ್ಟಿದ್ದ ನೇಯ್ಗೆಯ ಸುರುಳಿ ಬಿಡಿಸಿ, ಪಟ್ಟಿಯ ಮೊದಲ ತುದಿಯನ್ನು ತೊಡೆಯ ಮೇಲೆ ಹಾಸಿದಳು. ರಾಣಿಯ ಕೊರಳಲ್ಲಿ ಎರಡು ತುದಿಗಳೂ ಎದುರುಬದುರು ಕೂರಬೇಕು. ಮೊದಲ ತುದಿಯಲ್ಲಿ ಎಡಕ್ಕೆ ವಾಲಿದ ಗೆರೆ ಈ ತುದಿಯಲ್ಲಿ ಬಲಕ್ಕೆ ವಾಲಬೇಕು. ಅವಳು ಈ ಮನೆಗೆ ಬಂದಾಗಿನಿಂದ ನೇಯ್ಗೆಯನ್ನು ಎದುರು ಬದಿಯಿಂದಲೇ ನೋಡಿದವಳು, ತಿರುಗುಮುರುಗು ಓದುವುದು ಅವಳ ಕಣ್ಣಿಗೆ ಹೊಸತಲ್ಲ. ಒಂದು ಗೆರೆ ನೋಡಿದಳು, ಒಂದು ಸುತ್ತು ಹೊರಳಿಸಿದಳು. ಲಾಳಿ ತೂರಿಸಿದಳು. ಅಂಚಿನ ಬದಿಯನ್ನು ಬಡಿಯದೆ ಬೆರಳಿನಿಂದಷ್ಟೇ ಒತ್ತಿದಳು. ಪ್ರತಿ ಸುತ್ತಿಗೂ ಕೆಂಪು ದಾರ ಬಿಗಿದು, ನಡುಗಿ, ಸುಮ್ಮನಾಗುತ್ತಿತ್ತು. ಎಲೆಗಳು ಟಪಟಪ ಹೊರಳಿದವು. ಅತ್ತೆಯ ತುಟಿ ಮಾತ್ರ ಆಚೆ, ಈಚೆ ಎಂದು ಅಲುಗುತ್ತಿತ್ತು. ಸೊಸೆ ತಲೆಯೆತ್ತಿ ಅದನ್ನು ನೋಡಲಿಲ್ಲ.

ಕೊನೆಯ ಹೊಕ್ಕು ಬಿದ್ದಾಗ ವಜ್ರ ಮುಚ್ಚಿಕೊಂಡಿತು. ಗಂಟು ಹಾಕಿ, ಕತ್ತರಿಸಿ ಕೊಟ್ಟಳು. ದರ್ಜಿ ಎರಡು ತುದಿಗಳನ್ನು ಜೋಡಿಸಿ ಬೆಳಕಿಗೆ ಹಿಡಿದು, ಅಂಚಿನ ಮೇಲೆ ಹೆಬ್ಬೆರಳು ಎಳೆದು, ಪಟ್ಟಿ ಮಡಚಿಕೊಂಡು ಹೊರಟುಹೋದ.

ಅತ್ತೆ ಎದ್ದು, ಎಡಗೈಯಿಂದಲೇ ಎಲೆಗಳನ್ನು ಒಟ್ಟು ಮಾಡಿ ಸೊಸೆಯ ಮುಂದಿಟ್ಟು ಒಳಗೆ ಹೋದಳು. ಎಲೆಗಳು ಸೊಸೆಗಾದವು. ಅತ್ತೆ ಅವಳೊಡನೆ ಮಾತು ಬಿಟ್ಟಳು.