ಹಸಿಯಲು ಬಿಡದ ಅಜ್ಜಿ

ಆ ಪ್ರಯೋಗಾಲಯದಲ್ಲಿ ಗಿಳಿ ಎಂದರೆ ಹಕ್ಕಿಯಲ್ಲ, ಸಂಶೋಧನೆ ಮಾಡುವ ಹುಡುಗಿ. ಯಾರ ದನಿಯಾದರೂ ಒಮ್ಮೆ ಕಿವಿಗೆ ಬಿದ್ದರೆ ಸಾಕು, ಸಂಜೆಯ ಚಹಾದ ಹೊತ್ತಿಗೆ ಅವಳ ಗಂಟಲಿನಿಂದ ಹೊರಬರುತ್ತಿತ್ತು. ಪ್ರೊಫೆಸರರ ಕೆಮ್ಮು, ಫ್ರಿಜ್ಜಿನ ಗೊರಕೆ, ಕೆಟ್ಟ ಲಿಫ್ಟಿನ ನರಳಾಟ, ಯಾವುದನ್ನೂ ಬಿಟ್ಟವಳಲ್ಲ. ಈಚೆಗೆ ಮಾತ್ರ ಗಿಳಿಯ ಬಾಯಿ ಕಟ್ಟಿಹೋಗಿತ್ತು. ಕಟ್ಟಿಸಿದ್ದು ಒಂದು ಕಿಣ್ವ.

ಈ ಕಿಣ್ವ ಜೀವಕೋಶದ ಮನೆಯ ಖರ್ಚಿನ ಲೆಕ್ಕ ನೋಡುವ ಹಿರಿಯಜ್ಜ. ಶಕ್ತಿ ತುಂಬಿ ತುಳುಕುವಾಗ ಕಾಲು ಚಾಚಿ ಮಲಗಿರುತ್ತದೆ. ಡಬ್ಬಿಯ ತಳ ಕಂಡಿತೋ, ಟೊಂಕ ಕಟ್ಟಿ ಎದ್ದು ‘ದುಂದು ನಿಲ್ಲಿಸಿ’ ಎಂದು ಎಲ್ಲರನ್ನೂ ಗದರುತ್ತದೆ. ರಕ್ತನಾಳದ ಒಳಗೋಡೆಯ ಜೀವಕೋಶಗಳಲ್ಲಿ ಅದು ಹೀಗೆ ಎದ್ದರೆ, ಅವು ಹೊಸ ನಾಳ ಕಟ್ಟಲು ಹೊರಡುತ್ತವೆ ಎಂಬುದು ಗಿಳಿಯ ವಾದ. ರಕ್ತ ಹರಿಯದ ಕಾಲಿಗೋ ಎದೆಗೋ ಮುಂದೊಂದು ದಿನ ದಾರಿಯಾದೀತು ಎಂಬುದು ಅವಳ ಆಸೆ.

ವಾದ ಗಟ್ಟಿ, ಸಾಕ್ಷಿ ಪೊಳ್ಳು. ಪುಟ್ಟ ತಟ್ಟೆಗಳಲ್ಲಿ ಮೆತ್ತನೆಯ ಜೆಲ್ಲಿನ ಮೇಲೆ ಜೀವಕೋಶಗಳನ್ನು ಹರಡಿ, ಗುಲಾಬಿ ಬಣ್ಣದ ಪೋಷಕ ದ್ರವ ಹಾಕಿ, ಅದನ್ನು ಬದಲಿಸದೆ ಇನ್‌ಕ್ಯುಬೇಟರಿನಲ್ಲಿ ಬಿಡುತ್ತಿದ್ದಳು. ಒಳಗಿನ ಸಕ್ಕರೆ ಮುಗಿಯುತ್ತಾ ಬಂದಂತೆ ದ್ರವ ಹಳದಿಯಾಗಬೇಕು, ಹಸಿವಿಗೆ ಕಿಣ್ವ ಏಳಬೇಕು. ಆದರೆ ತೆಗೆದು ನೋಡಿದಾಗಲೆಲ್ಲ ದ್ರವ ಮದುಮಗಳ ಕೆನ್ನೆಯಂತೆ ಗುಲಾಬಿ! ಜೀವಕೋಶಗಳು ಉಂಡು ಮಲಗಿದ ಅಳಿಯಂದಿರ ಹಾಗೆ ಬಿದ್ದಿರುತ್ತಿದ್ದವು.

“ಶುಕ್ರವಾರದ ಹೊತ್ತಿಗೂ ನಾಳ ಕಾಣದಿದ್ರೆ ಇದನ್ನ ಮುಚ್ಚೋಣಮ್ಮ. ಬೇರೆ ಯಾರದಾದ್ರೂ ಕೆಲಸಕ್ಕೆ ಕೈ ಜೋಡಿಸು,” ಎಂದಿದ್ದರು ಪ್ರೊಫೆಸರರು. ಬೈದಿದ್ದರೆ ಚೆನ್ನಾಗಿತ್ತು, ಮೆತ್ತಗೆ ಹೇಳಿದ್ದರು.

ಸೋಮವಾರ ಸಂಜೆ ಚಹಾದ ಮೇಜಿನ ಸುತ್ತ ಎಲ್ಲರೂ ಸೇರಿದ್ದರು. “ಏನೇ ಗಿಳಿ, ಮೂಕಿ ಆಗ್ಬಿಟ್ಯಾ? ನಮ್ಮ ಅಜ್ಜಿದು ಒಂದು ಮಾಡೇ,” ಎಂದು ಮೈಕ್ರೋಸ್ಕೋಪ್ ನೋಡಿಕೊಳ್ಳುವವನು ಕೆಣಕಿದ.

ಅಜ್ಜಿ ವಯಸ್ಸಿನಿಂದ ಅಜ್ಜಿಯಲ್ಲ, ಸ್ವಭಾವದಿಂದ. ಪಕ್ಕದ ತಂಡದ ಸಂಶೋಧಕಿ. ತಲೆಯಲ್ಲಿ ಇನ್ನೂ ಒಂದು ನರೆಗೂದಲಿಲ್ಲ. ಎರಡೂ ತಂಡಗಳಿಗೆ ಇನ್‌ಕ್ಯುಬೇಟರ್ ಒಂದೇ. ಹಿಂದೊಮ್ಮೆ ಯಾರೋ ರಜೆಗೆ ಹೋಗಿ, ತಿಂಗಳುಗಟ್ಟಲೆ ಸಾಕಿದ ಜೀವಕೋಶಗಳೆಲ್ಲ ಸತ್ತ ಮೇಲೆ ಅಜ್ಜಿಯ ತಂಡದಲ್ಲೊಂದು ರೂಢಿ ಬೆಳೆದಿತ್ತು: ಹಳದಿ ತಟ್ಟೆ ಕಂಡವರು ಅದು ಯಾರದೆಂದು ಕೇಳದೆ ಹೊಸ ದ್ರವ ಹಾಕಬೇಕು.

ಗಿಳಿ ಒಲ್ಲದ ಮನಸ್ಸಿನಿಂದ ಎದ್ದಳು. ಗಾಳಿಯಲ್ಲೇ ಇನ್‌ಕ್ಯುಬೇಟರಿನ ಕಾಣದ ಬಾಗಿಲು ತೆರೆದಂತೆ ಮಾಡಿ ಬಗ್ಗಿದಳು. “ಅಯ್ಯೋ ನನ್ನ ಬಂಗಾರಗಳಾ! ಮುಖ ಹಳದಿ ಮಾಡ್ಕೊಂಡು ಕೂತಿದೀರಲ್ರೋ! ತಾಳಿ, ಅಜ್ಜಿ ಬಂದೆ!”

ಮೇಜೇ ನಕ್ಕಂತಾಯಿತು. ಅಲ್ಲೇ ಕೂತಿದ್ದ ಅಜ್ಜಿ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. “ದನಿ ಸರಿ, ಮಾತು ತಪ್ಪು. ಬಂಗಾರ ಅನ್ನೋದು ನನ್ನವಕ್ಕೆ ಮಾತ್ರ. ನಿನ್ನವಕ್ಕೆ ‘ಪಾಪದ ಅನಾಥಗಳಾ’ ಅಂತೀನಿ. ಬೆಳಿಗ್ಗೆ ನಾನು ಬರೋ ಹೊತ್ತಿಗೆ ಪ್ರತಿ ಸಲ ಹಳದಿ! ನೀನು ಊಟಾನೇ ಹಾಕಲ್ವೇನೇ?”

ಗಿಳಿಯ ಕೈ ಕಾಣದ ಬಾಗಿಲ ಮೇಲೆಯೇ ನಿಂತಿತು. “ಅಜ್ಜೀ... ನೀವು ಹಾಕ್ತಿದ್ರಾ?”

“ಮತ್ತೆ? ಕಣ್ಣಾರೆ ನೋಡಿ ಸುಮ್ನಿರಕ್ಕಾಗತ್ತಾ?”

“ಅವು ಹಸೀಬೇಕಿತ್ತು ಅಜ್ಜೀ! ಹಸಿವೇ ನನ್ನ ಪ್ರಯೋಗ!”

ಅಜ್ಜಿಯ ಮುಖದಿಂದ ಬಣ್ಣ ಇಳಿಯಿತು. ಗಿಳಿಗೆ ಕೂಗಾಡುವಷ್ಟು ಸಿಟ್ಟು ಬಂದಿತ್ತು. ಆದರೆ ಅದರ ಬೆನ್ನಿಗೇ ಇನ್ನೊಂದು ಯೋಚನೆ ಬಂತು: ಹಾಗಾದರೆ ವಾದ ಸೋತಿಲ್ಲ; ಅದಕ್ಕೆ ಪರೀಕ್ಷೆಯೇ ಆಗಿಲ್ಲ.

“ನನ್ನ ಕೈಗಿಷ್ಟು ಬೆಂಕಿ ಹಾಕ,” ಎಂದಳು ಅಜ್ಜಿ. “ನಡಿ, ಈಗ್ಲೇ ಹೊಸ ತಟ್ಟೆ ಹಾಕು. ಯಾರಾದ್ರೂ ಮುಟ್ಲಿ, ನೋಡ್ಕೋತೀನಿ.”

“ಬೇರೆಯವರ ಭಯ ಇಲ್ಲ ಅಜ್ಜೀ. ನಿಮ್ದೇ.”

ಆ ವಾರವಿಡೀ ಅಜ್ಜಿ ಇನ್‌ಕ್ಯುಬೇಟರಿನ ಮುಂದೆ ಕೆಂಡ ತುಳಿದವಳಂತೆ ಓಡಾಡಿದಳು. “ಒಂದೇ ಒಂದು ತೊಟ್ಟು ಕಣೇ, ಗೊತ್ತಾಗಲ್ಲ...” “ಅಜ್ಜೀ!” “ಸರಿ, ಸರಿ.”

ಶುಕ್ರವಾರ ತಟ್ಟೆಗಳು ನಿಂಬೆಹಣ್ಣಿನಂತೆ ಹಳದಿಯಾಗಿದ್ದವು. ಹೋಲಿಕೆಗೆಂದು ಮದ್ದು ಹಾಕಿ ಕಿಣ್ವವನ್ನು ಮಲಗಿಸಿದ್ದ ತಟ್ಟೆಯಲ್ಲಿ ಜೀವಕೋಶಗಳು ದಿಕ್ಕಿಗೊಂದಾಗಿ ಚದುರಿದ್ದವು. ಪಕ್ಕದ ತಟ್ಟೆಯಲ್ಲಿ ಅವು ಉದ್ದಕ್ಕೆ ಎಳೆದುಕೊಂಡು, ತುದಿಗೆ ತುದಿ ಸೇರಿಸಿ, ಎಳೆಯ ನಾಳಗಳ ಬಲೆ ಹೆಣೆದಿದ್ದವು.

ಪ್ರೊಫೆಸರರು ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆಯಲೇ ಇಲ್ಲ. “ಒಂದು ಸಲ ಆದದ್ದು ಅದೃಷ್ಟ ಆಗಿರಬಹುದು,” ಎಂದರು ಕೊನೆಗೆ. “ಮತ್ತೆ ಮಾಡು, ಮತ್ತೆ ಮತ್ತೆ ಮಾಡು. ಜೀವಕೋಶ ಎಷ್ಟು ಬೇಕೋ ತರಿಸ್ಕೋ. ಮುಚ್ಚೋ ಮಾತು ಸದ್ಯಕ್ಕಿಲ್ಲ.”

“ಸರ್, ಸ್ವಲ್ಪ ಜರುಗ್ತೀರಾ?” ಅಜ್ಜಿ ಆಗಲೇ ಮೊಣಕೈ ತೂರಿಸಿದ್ದಳು. ಬಗ್ಗಿ ನೋಡಿದಳು. ತನಗರಿವಿಲ್ಲದೆ ಅವಳ ಬೆರಳು ಮೇಜಿನ ಮೇಲೆ ಒಂದು ನಾಳದ ಜಾಡು ಹಿಡಿದು ನಿಧಾನವಾಗಿ ಸಾಗಿತು, ನಿಂತಿತು, ಪಕ್ಕಕ್ಕೆ ತಿರುಗಿತು.

“ಗಿಳಿ, ಬಾರೇ ಇಲ್ಲಿ,” ಎಂದಳು. “ಇದು ಇನ್ನೂ ಕಟ್ಟೋದು ಮುಗಿಸಿಲ್ಲ. ಇಲ್ಲೊಂದು ಕವಲು ಒಡೀತಿದೆ.”