ಬಾಲದ ಹಿಂದೆ ನಿಂತು ನೋಡಿ

ನಮ್ಮ ಬೀದಿಗೆ ಈಚೆಗೆ ವಿಮಾನದ ಹುಚ್ಚು ಹಿಡಿದಿದೆ. ರಿಮೋಟು ಹಿಡಿದು ಹಾರಿಸುವ ಸಣ್ಣ ವಿಮಾನ. ಒಂದು ನೀರಿನ ಟ್ಯಾಂಕಿನ ಮೇಲೆ ಹೋಗಿ ಕೂತಿದೆ, ಇಳಿಸುವವರಿಲ್ಲ. ಇನ್ನೊಂದು ಕರೆಂಟಿನ ತಂತಿಗೆ ಸಿಕ್ಕಿ ಮಧ್ಯಾಹ್ನವಿಡೀ ಎಲ್ಲರ ಮನೆಯ ಫ್ಯಾನು ನಿಲ್ಲಿಸಿತು. ಮತ್ತೊಂದು ಔಷಧಿ ಅಂಗಡಿಯವನ ಬೋಳುತಲೆಗೆ ಬಡಿಯಿತು. ಅವನ ಅಂಗಡಿಯ ಬ್ಯಾಂಡೇಜನ್ನೇ ಅವನಿಗೆ ಸುತ್ತಬೇಕಾಯಿತು. ಬೀದಿಯೆಲ್ಲ ನಕ್ಕಿತು. ಅವನು ಮಾತ್ರ ಇವತ್ತಿಗೂ ಟೋಪಿ ಇಲ್ಲದೆ ಹೊರಗೆ ಬರುವುದಿಲ್ಲ.

ಹಾರಿಸಿದವರನ್ನು ಕೇಳಿದರೆ ಎಲ್ಲರದೂ ಒಂದೇ ಉತ್ತರ: "ಎಲ್ಲಾ ಸರಿಯಾಗೇ ಇತ್ತು, ಅದ್ಯಾಕೋ ಹೀಗಾಯ್ತು."

ಈ ಕಥೆ ಬೀದಿಯ ಕೊನೆಯಲ್ಲಿರುವ ದರ್ಜಿಯದು. ಮುಂದೆ ಅಂಗಡಿ, ಹಿಂದೆ ಮನೆ. ಮನೆಯಲ್ಲಿ ಹೆಂಡತಿ ಮತ್ತು ವಯಸ್ಸಾದ ತಾಯಿ. ಕೋಟು ಹೊಲಿಯುವುದರಲ್ಲಿ ಅವನದು ಎತ್ತಿದ ಕೈ. ಅಂಗಡಿಯಲ್ಲಿ ಅವನದೇ ಒಂದು ಪದ್ಧತಿ ಇದೆ. ಗಿರಾಕಿಯನ್ನು ಎದುರಿಗೆ ನಿಲ್ಲಿಸಿಕೊಂಡು ಅಳತೆ ತೆಗೆಯುವಾಗ ತನ್ನ ಬಲಕ್ಕೆ ಇರುವ ತೋಳನ್ನು ಬಲ ಎನ್ನುತ್ತಾನೆ, ತನ್ನ ಎಡಕ್ಕೆ ಇರುವುದನ್ನು ಎಡ ಎನ್ನುತ್ತಾನೆ. ಗಿರಾಕಿಯ ಲೆಕ್ಕ ಅವನಿಗೆ ಬೇಕಾಗಿಲ್ಲ. ಸೀಮೆಸುಣ್ಣದ ಗುರುತೂ ಹಾಗೇ, ಕತ್ತರಿಯೂ ಹಾಗೇ, ಹೊಲಿಗೆಯೂ ಹಾಗೇ. ಮೊದಲಿಂದ ಕೊನೆಯವರೆಗೆ ಒಂದೇ ಲೆಕ್ಕವಾದ್ದರಿಂದ ಯಾವ ಕೋಟಿನ ತೋಳೂ ಇದುವರೆಗೆ ತಪ್ಪಿಲ್ಲ.

ತಾಯಿಯ ಎರಡೂ ಕಣ್ಣಿಗೆ ಪೊರೆ ಬರುತ್ತಿತ್ತು. ಆಪರೇಷನ್ನಿಗೆ ಆಕೆ ಒಪ್ಪುತ್ತಿರಲಿಲ್ಲ. ಮಗ ಮೇಜಿನ ಮೇಲೆ ವಿಮಾನದ ಭಾಗಗಳನ್ನು ಹರಡಿಕೊಂಡ ದಿನದಿಂದ ಒಂದೇ ವರಾತ.

"ಪೂರ್ತಿ ಮಂಜಾಗೋದ್ರೊಳಗೆ ಒಂದು ಸಲ ಹಾರಿಸಿ ತೋರಿಸಪ್ಪ. ಆಮೇಲೆ ನೀನು ರಾಕೆಟ್ ಬಿಟ್ರೂ ನನಗೆ ಅಷ್ಟೇ."

ಅದಕ್ಕೇ ದರ್ಜಿಗೆ ಅವಸರ. ಕೋಟುಗಳು ಗೂಟದಲ್ಲಿ ಅರ್ಧಂಬರ್ಧ ನೇತಾಡುತ್ತಿದ್ದವು. ಅವನು ಫೋಮಿನ ರೆಕ್ಕೆಗೆ ಅಂಟು ಹಚ್ಚುತ್ತ ಕೂತಿದ್ದ.

ಅವನ ನಾದಿನಿ, ಅಂದರೆ ಹೆಂಡತಿಯ ತಂಗಿ, ಅಂಚೆ ಕಚೇರಿಯಲ್ಲಿ ಕೆಲಸ ಮಾಡುತ್ತಾಳೆ. ರಜೆಯ ದಿನ ವಿಮಾನ ಹಾರಿಸುವವರ ಕ್ಲಬ್ಬಿಗೆ ಹೋಗುತ್ತಾಳೆ. ಅಕ್ಕನ ಮನೆಗೆ ಬಂದವಳು ಅಂಗಡಿಯ ಬಾಗಿಲಲ್ಲೇ ನಿಂತುಬಿಟ್ಟಳು.

"ಭಾವ, ಬ್ಯಾಟರಿ ಎಲ್ಲಿಟ್ಟು ಚಾರ್ಜ್ ಮಾಡ್ತಿದ್ದೀರಾ?"

"ಇಲ್ಲೇ, ಬಟ್ಟೆ ಮೇಲೆ. ಮೆತ್ತಗಿರ್ಲಿ ಅಂತ."

"ಅದೇನು ಹಸುಗೂಸಾ, ಹಾಸಿ ಮಲಗಿಸೋಕೆ? ಈ ಜಾತಿ ಬ್ಯಾಟರಿ ಕೆಟ್ರೆ ಊದಿಕೊಂಡು ಹೊತ್ತಿಕೊಳ್ಳುತ್ತೆ. ಸುತ್ತ ಚಿಂದಿ ರಾಶಿ ಬೇರೆ. ಆ ಕಲ್ಲಿನ ನೆಲದ ಮೇಲಿಡಿ. ಅದಕ್ಕೆ ಅಂತ ಮಾಡಿರೋ ಚಾರ್ಜರ್‌ನಲ್ಲೇ ಮಾಡಿ. ಮುಗಿಯೋವರೆಗೂ ಯಾರಾದ್ರೂ ಹತ್ರ ಇರ್ಬೇಕು."

ದರ್ಜಿ ಗೊಣಗುತ್ತ ಎತ್ತಿಟ್ಟ. ಅವಳ ಕಣ್ಣು ಅಷ್ಟರಲ್ಲಿ ವಿಮಾನದ ಮೂತಿಗೆ ಹೋಗಿತ್ತು.

"ಮೂತಿಯ ಫ್ಯಾನು ಈಗಲೇ ಯಾಕೆ ಹಾಕಿದ್ದೀರಾ? ಮೇಜಿನ ಮೇಲೆ ಕೆಲಸ ಮಾಡುವಾಗ ಬಿಚ್ಚಿಡಿ. ಕೈ ತಾಗಿ ಮೋಟರ್ ತಿರುಗಿಬಿಟ್ರೆ ಬೆರಳು ಹೋಗುತ್ತೆ."

ಬೆರಳಿನ ಮಾತು ದರ್ಜಿಗೆ ಚೆನ್ನಾಗಿ ನಾಟಿತು. ತಕ್ಷಣ ಬಿಚ್ಚಿದ.

ಉಳಿದ ಕೆಲಸದಲ್ಲಿ ತೆಗೆದು ಹಾಕುವಂಥದ್ದು ಏನೂ ಇರಲಿಲ್ಲ. ಎರಡೂ ರೆಕ್ಕೆ ಟೇಪಿಗೆ ಸರಿಸಮ. ಅವಳು ಹೇಳಿದಂತೆ ಬ್ಯಾಟರಿ ಒಳಗಿಟ್ಟು, ವಿಮಾನದ ಜೊತೆ ಬಂದ ಪುಸ್ತಕದಲ್ಲಿ ಗುರುತು ಮಾಡಿದ ಜಾಗದಲ್ಲಿ ರೆಕ್ಕೆಯ ಕೆಳಗೆ ಎರಡು ಬೆರಳು ಕೊಟ್ಟು ಎತ್ತಿದ. ವಿಮಾನ ಆ ಕಡೆ ಈ ಕಡೆ ವಾಲದೆ, ಮೂತಿಯನ್ನು ಒಂದಿಷ್ಟೇ ಕೆಳಗೆ ಮಾಡಿ ನಿಂತಿತು.

"ತೂಕ ಸರಿ ಇದೆ. ಬಾಲ ಭಾರ ಆಗಿದ್ರೆ ಯಾರ ಕೈಗೂ ಸಿಗ್ತಿರ್ಲಿಲ್ಲ. ರೆಕ್ಕೆ ಹಿಂದಿನ ಅಂಚಲ್ಲಿ ಮೇಲೆ ಕೆಳಗೆ ಆಡೋ ಮಡಚುಪಟ್ಟಿಗಳು? ಸರಿಯಾದ ಕಡೆಗೆ ತಿರುಗ್ತಾವಾ?"

"ನಿನ್ನೇನೇ ನೋಡ್ದೆ. ರಿಮೋಟಿನ ಕಡ್ಡಿ ಬಲಕ್ಕೆ ತಳ್ಳಿದ್ರೆ ಬಲದ ಪಟ್ಟಿ ಮೇಲಕ್ಕೆ, ಎಡದ್ದು ಕೆಳಕ್ಕೆ. ಪುಸ್ತಕದಲ್ಲಿ ಬರೆದ ಹಾಗೇ. ಕೋಟು ಹೊಲಿಯೋನಿಗೆ ಎಡ ಬಲ ಹೇಳಿಕೊಡ್ಬೇಡ ತಾಯಿ."

ನಾದಿನಿ ನಕ್ಕು ಸುಮ್ಮನಾದಳು. ತನ್ನ ಕಣ್ಣಾರೆ ಒಂದು ಸಲ ನೋಡಬಹುದಿತ್ತು. ನೋಡಲಿಲ್ಲ.

ನಿನ್ನೆ ನಡೆದದ್ದು ಇಷ್ಟು. ವಿಮಾನ ಮೇಜಿನ ಮೇಲೆ ಗಿರಾಕಿಯ ಹಾಗೆ ಅವನ ಕಡೆ ಮುಖ ಮಾಡಿಕೊಂಡು ಕೂತಿತ್ತು. ಕಡ್ಡಿ ಬಲಕ್ಕೆ ತಳ್ಳಿದಾಗ ಮೇಲೆದ್ದದ್ದು ಅವನ ಬಲಕ್ಕಿದ್ದ ಪಟ್ಟಿ. ಅದು ವಿಮಾನದ ಎಡ ರೆಕ್ಕೆಯದು. ಪಟ್ಟಿ ಎದ್ದ ಕಡೆಯ ರೆಕ್ಕೆ ಹಾರುವಾಗ ತಗ್ಗುತ್ತದೆ.

ಮರುದಿನ ಬೆಳಿಗ್ಗೆ ನಾಲ್ವರೂ ಊರಾಚೆಯ ಬಯಲಿಗೆ ಹೋದರು. ನಾದಿನಿ ಮೊದಲೇ ಜಾಗದವರ ಅನುಮತಿ ಕೇಳಿದ್ದಳು. ಹತ್ತಿರ ತಂತಿ ಇಲ್ಲ, ರಸ್ತೆ ಇಲ್ಲ, ದೊಡ್ಡ ವಿಮಾನಗಳು ಇಳಿಯುವ ದಾರಿಯೂ ಅಲ್ಲ. ಗಾಳಿ ಹುಲ್ಲು ಅಲುಗಿಸುವಷ್ಟು ಮಾತ್ರ ಇತ್ತು.

ದರ್ಜಿ ಪ್ಲಾಸ್ಟಿಕ್ ಕುರ್ಚಿಯನ್ನು ಹೊತ್ತುಕೊಂಡು ಹೋಗಿ ತಾನು ನಿಲ್ಲುವ ಜಾಗದಿಂದ ಮುಂದೆ, ಎಡಕ್ಕೆ, ಬಯಲಿನೊಳಗೇ ಇಟ್ಟ. ಅದರ ಬೆನ್ನಿಗೆ ತಾನೇ ಹೊಲಿದ ಹತ್ತಿ ದಿಂಬು ಕಟ್ಟಿದ. ತಾಯಿಯನ್ನು ಕೈಹಿಡಿದು ಕರೆತಂದು ಕೂರಿಸಿದ.

"ಭಾವ, ಅತ್ತೆ ಅಲ್ಲಿ ಕೂರೋ ಹಾಗಿಲ್ಲ. ನೋಡೋರೆಲ್ಲ ಹಾರಿಸೋರ ಹಿಂದೆ ಇರ್ಬೇಕು."

"ಹಿಂದೆ ಕೂತ್ರೆ ಅಮ್ಮನಿಗೆ ಏನು ಕಾಣುತ್ತೆ? ತೋರಿಸೋಕೇ ಅಲ್ವಾ ಇಷ್ಟೆಲ್ಲಾ ಮಾಡಿರೋದು?"

"ಮೊದಲನೇ ಸಲ ಹಾರ್ತಿರೋ ವಿಮಾನ. ಎಲ್ಲಿ ಹೋಗುತ್ತೆ ಅಂತ ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ."

"ಅಪಶಕುನ ನುಡೀಬೇಡ."

"ಶಕುನ ಅಲ್ಲ ಭಾವ, ಫ್ಯಾನು. ಮುಖಕ್ಕೆ ಬಂದ್ರೆ ಏನು ಗತಿ?"

ದರ್ಜಿ ಹೆಂಡತಿಯ ಕಡೆ ನೋಡಿದ. ಹೆಂಡತಿ ಆಕಾಶದ ಕಡೆ ನೋಡಿದಳು. ತಂಗಿಗೂ ಗಂಡನಿಗೂ ನಡುವೆ ಬಾಯಿ ಹಾಕಿ ಅವಳು ಹಿಂದೆ ಸಾಕಷ್ಟು ಅನುಭವಿಸಿದ್ದಳು.

ನಾದಿನಿ ಪಟ್ಟು ಬಿಡಲಿಲ್ಲ. "ಅತ್ತೆ ಏಳೋವರೆಗೂ ನಾನು ಬ್ಯಾಟರಿ ಕೊಡಲ್ಲ," ಎಂದು ಅದನ್ನು ಚೀಲಕ್ಕೆ ಹಾಕಿ ಹೆಗಲಿಗೇರಿಸಿದಳು.

ಕೊನೆಗೆ ಮುದುಕಿಯೇ ಎದ್ದಳು. "ನಿಮ್ಮ ಜಗಳ ಮುಗಿಯೋ ಅಷ್ಟರಲ್ಲಿ ನನ್ನ ಕಣ್ಣೇ ಹೋಗುತ್ತೆ. ಬಾ, ಎಲ್ಲಿ ನಿಲ್ಲಬೇಕು ತೋರಿಸು." ಸೊಸೆಯ ಭುಜ ಹಿಡಿದು ಹಿಂದೆ ಬಂದು ನಿಂತಳು.

"ಕುರ್ಚಿ ತರ್ತೀರಾ?" ಎಂದು ಹೆಂಡತಿ ಕೇಳಿದಳು.

"ಅಲ್ಲೇ ಇರ್ಲಿ," ದರ್ಜಿ ಮುಖ ಊದಿಸಿಕೊಂಡೇ ಹೇಳಿದ. "ಒಂದು ಸುತ್ತು ಹೊಡೆದು ತೋರಿಸ್ತೀನಿ. ಆಮೇಲೆ ಅಮ್ಮ ಅಲ್ಲೇ ಹೋಗಿ ಕೂರ್ತಾಳೆ, ನೋಡ್ತಿರು."

ಮೂತಿಗೆ ಫ್ಯಾನು ಸಿಕ್ಕಿಸಿ, ನಾದಿನಿ ಹೇಳಿದ ಕ್ರಮದಲ್ಲೇ ಮೊದಲು ರಿಮೋಟು ಹಾಕಿದ, ಆಮೇಲೆ ವಿಮಾನಕ್ಕೆ ಬ್ಯಾಟರಿ ಕೊಟ್ಟ. ಅವಳು ರಿಮೋಟಿನ ಪರೀಕ್ಷೆಯ ಗುಂಡಿ ಒತ್ತಿಸಿ, ಅವನನ್ನು ವಿಮಾನದಿಂದ ದೂರ ನಡೆಸಿ, ಸಂಪರ್ಕ ತಪ್ಪುವುದಿಲ್ಲ ಎಂದು ಖಾತ್ರಿ ಮಾಡಿಕೊಂಡಳು. ವಿಮಾನ ಗಾಳಿಗೆ ಎದುರಾಗಿ ಚಕ್ರದ ಮೇಲೆ ಓಡಿತು. ಎದ್ದಿತು. ಚಂದವಾಗಿಯೇ ಎದ್ದಿತು.

ಗಾಳಿಯ ಒಂದು ಅಲೆಗೆ ಎಡ ರೆಕ್ಕೆ ತುಸು ತಗ್ಗಿತು. ದರ್ಜಿ ಕಡ್ಡಿಯನ್ನು ಬಲಕ್ಕೆ ತಳ್ಳಿದ. ರೆಕ್ಕೆ ಇನ್ನೂ ತಗ್ಗಿತು. ಇನ್ನೂ ಬಲಕ್ಕೆ ತಳ್ಳಿದ.

"ಮೋಟರ್ ನಿಲ್ಲಿಸಿ!" ನಾದಿನಿ ಕೂಗಿದಳು. "ಮೋಟರ್!"

ದರ್ಜಿಯ ಕೈ ಬಲಕ್ಕೆ ತಳ್ಳುತ್ತಲೇ ಇತ್ತು. ವಿಮಾನ ಎಡಕ್ಕೆ ಮಗುಚಿ ನೇರವಾಗಿ ಹೋಗಿ ಕುರ್ಚಿಗೆ ಬಡಿಯಿತು.

ಕುರ್ಚಿ ಅಂಗಾತ ಬಿತ್ತು. ದರ್ಜಿ ಓಡಲು ಹೊರಟ. ನಾದಿನಿ ಅವನ ತೋಳು ಹಿಡಿದು, ಮೋಟರಿನ ಕಡ್ಡಿಯನ್ನು ಪೂರ್ತಿ ಕೆಳಗೆ ಎಳೆಸಿದಳು. ತಾನೇ ಹೋಗಿ ಹಿಂದಿನಿಂದ ವಿಮಾನ ಹಿಡಿದು ಬ್ಯಾಟರಿ ಬಿಚ್ಚಿದಳು. ರಿಮೋಟು ಆರಿಸಿದ್ದು ಕೊನೆಗೆ.

ದಿಂಬಿನ ಮೇಲಂಚು ಹರಿದು ಹತ್ತಿ ಹೊರಗೆ ಬಂದಿತ್ತು. ಬಟ್ಟೆ ಹರಿದದ್ದೋ, ಕೊಯ್ದದ್ದೋ ಎಂದು ದರ್ಜಿಗೆ ಯಾರೂ ಹೇಳಬೇಕಾಗಿರಲಿಲ್ಲ. ಕೊಯ್ದದ್ದು. ಮುದುಕಿ ಕೂತಿದ್ದರೆ ಅಲ್ಲಿ ಕುತ್ತಿಗೆ ಇರುತ್ತಿತ್ತು.

ದರ್ಜಿ ನೆಲದ ಮೇಲೆ ಕೂತುಬಿಟ್ಟ.

"ಏನಾಯ್ತು? ಇಳೀತಾ?" ತಾಯಿ ಹಿಂದಿನಿಂದ ಕೇಳಿದಳು. ಆಕೆಗೆ ಸರಿಯಾಗಿ ಕಂಡಿರಲಿಲ್ಲ.

"ಕುರ್ಚಿ ಮೇಲೆ ಇಳೀತು, ಅತ್ತೆ," ಎಂದಳು ಸೊಸೆ. ಮುದುಕಿ "ನನ್ನ ಕುರ್ಚಿಯಾ?" ಎಂದಳು.

ದರ್ಜಿ ಎದ್ದು ಹೋಗಿ ಕುರ್ಚಿಯನ್ನು ಎತ್ತಿ ತಂದ.

ಅಂಗಡಿಗೆ ಬಂದ ಮೇಲೆ ನಾದಿನಿ ಮೊದಲು ಬ್ಯಾಟರಿ ನೋಡಿದಳು. ಒಂದು ಮೂಲೆ ಜಜ್ಜಿತ್ತು. "ಇದನ್ನ ಇನ್ನು ಚಾರ್ಜಿಗೆ ಹಾಕೋ ಹಾಗಿಲ್ಲ. ಕಸದ ಬುಟ್ಟಿಗೂ ಹಾಕ್ಬೇಡಿ. ಹಳೇ ಬ್ಯಾಟರಿ ತಗೊಳ್ಳೋರಿಗೇ ಕೊಡೋಣ." ಅಲ್ಲಿಯವರೆಗೆ ಅದನ್ನು ಮರಳು ತುಂಬಿದ ಮಡಕೆಯಲ್ಲಿಟ್ಟು ಹೊರಗೆ ಇಟ್ಟರು.

ಬೇರೆ ಬ್ಯಾಟರಿ ಹಾಕಿ, ಫ್ಯಾನು ಬಿಚ್ಚಿ, ಅವಳು ವಿಮಾನವನ್ನು ಮೇಜಿನ ಮೇಲಿಟ್ಟಳು. "ನೀವು ಹೇಗೆ ನೋಡಿದ್ರಿ, ಹಾಗೇ ತೋರಿಸಿ."

ದರ್ಜಿ ಅದನ್ನು ತನ್ನ ಕಡೆ ತಿರುಗಿಸಿಕೊಂಡ. ಕಡ್ಡಿ ಬಲಕ್ಕೆ ತಳ್ಳಿದ. "ನೋಡು, ಬಲದ್ದು ಮೇಲಕ್ಕೆ."

"ಈಗ ಈ ಕಡೆ ಬನ್ನಿ. ಬಾಲದ ಹಿಂದೆ ನಿಂತ್ಕೊಳ್ಳಿ. ಅದು ಯಾವ ಕಡೆ ನೋಡ್ತಿದ್ಯೋ ನೀವೂ ಅದೇ ಕಡೆ ನೋಡಿ. ಈಗ ತಳ್ಳಿ."

ತಳ್ಳಿದ. ಎಡದ ಪಟ್ಟಿ ಎದ್ದಿತು. ಅವನು ಕಡ್ಡಿಯಿಂದ ಕೈ ತೆಗೆದ.

"ಗಿರಾಕಿಯ ಅಳತೆ ತಗೊಂಡ ಹಾಗೆ ತಗೊಂಡಿದ್ದೀರಿ," ಒಳಬಾಗಿಲಲ್ಲಿ ನಿಂತಿದ್ದ ಹೆಂಡತಿ ಅಂದಳು. "ನಿಮ್ಮ ಬಲ ಯಾವಾಗಲೂ ನಿಮ್ಮದೇ."

"ನನ್ನದೂ ತಪ್ಪಿದೆ," ನಾದಿನಿ ಹೇಳಿದಳು. "ನೋಡ್ದೆ ಅಂದ್ರಿ, ನಂಬಿದೆ. ಕಟ್ಟಿದವರಲ್ಲದೆ ಇನ್ನೊಬ್ಬರು ನೋಡ್ಲೇಬೇಕು ಅಂತ ಕ್ಲಬ್ಬಲ್ಲಿ ಎಲ್ಲರಿಗೂ ನಾನೇ ಹೇಳ್ತೀನಿ."

ರಿಮೋಟಿನಲ್ಲಿ ದಿಕ್ಕು ಬದಲಿಸುವ ಗುಂಡಿ ಇತ್ತು. ಅದನ್ನು ಬದಲಿಸಿ ಮತ್ತೆ ಬಾಲದ ಹಿಂದೆ ನಿಂತು ನೋಡಿದರು. ಬಲಕ್ಕೆ ತಳ್ಳಿದರೆ ಬಲದ್ದೇ ಎದ್ದಿತು. ಬಾಲದ ಪಟ್ಟಿಗಳನ್ನೂ ಹಾಗೇ ನೋಡಿದರು. ಒಡೆದ ರೆಕ್ಕೆಯನ್ನು ಅಂಟಿಸಿ ಮತ್ತೆ ಬೆರಳಿನ ಮೇಲೆ ತೂಗಿದರು. ಬಿರುಕು ಬಿಟ್ಟ ಫ್ಯಾನನ್ನು ಅಂಟಿಸಲು ಹೊರಟ ದರ್ಜಿಯ ಕೈಯಿಂದ ನಾದಿನಿ ಅದನ್ನು ಕಿತ್ತುಕೊಂಡಳು.

"ಅದು ತಿರುಗುವಾಗ ಚೂರಾಗಿ ಸಿಡಿಯುತ್ತೆ. ಹೊಸದೇ ಹಾಕಿ."

"ಇದೆಲ್ಲ ಸರಿ. ಅಮ್ಮ ಹಿಂದೆ ಕೂತ್ರೆ ಕಾಣಲ್ವಲ್ಲ," ಎಂದ ದರ್ಜಿ. ಅವನ ದನಿಯಲ್ಲಿ ಹಠವಿರಲಿಲ್ಲ, ಬೇಸರವಿತ್ತು. "ನಿಲ್ಲಿಸಿಬಿಡೋಣ ಅನ್ಸುತ್ತೆ."

"ನಿಲ್ಲಿಸೋದ್ಯಾಕೆ? ಎಲ್ಲಾ ಬಿಳೀನೇ ಇದ್ರೆ ನಿಮಗೂ ಮೇಲೆ ಕೆಳಗೆ ಗೊತ್ತಾಗಲ್ಲ. ರೆಕ್ಕೆಯ ಹೊಟ್ಟೆಗೆ ದಪ್ಪ ಕೆಂಪು ಪಟ್ಟೆ ಹಾಕಿ. ನಿಮಗೂ ಅನುಕೂಲ, ಅತ್ತೆಗೂ ಕಾಣುತ್ತೆ."

ಪಟ್ಟೆ ಅಂಟಿಸುವ ಕೆಲಸವನ್ನು ದರ್ಜಿ ಕೋಟಿಗೆ ಲೈನಿಂಗ್ ಹಾಕುವಷ್ಟು ಶ್ರದ್ಧೆಯಿಂದ ಮಾಡಿದ. ಎರಡೂ ಕಡೆ ತೂಕ ಒಂದೇ ಇರಲಿ ಎಂದು ಟೇಪು ಹಿಡಿದು ಅಳೆದ.

ಮುಂದಿನ ಸಲ ಬಯಲಿಗೆ ಹೋದಾಗ ವಿಮಾನದ ಪೆಟ್ಟಿಗೆ ತೆಗೆಯುವ ಮೊದಲೇ ಕುರ್ಚಿ ಇಟ್ಟ. ತನ್ನ ಬೆನ್ನ ಹಿಂದೆ, ದೂರದಲ್ಲಿ. ದಿಂಬಿನ ಹರುಕನ್ನು ಹೊಲಿದಿದ್ದ; ಬಟ್ಟೆ ಬಿಳಿ, ದಾರ ಕಪ್ಪು. ಹೆಂಡತಿ ಕೇಳಿದ್ದಕ್ಕೆ, "ಕಾಣಲಿ ಅಂತಾನೇ," ಎಂದಿದ್ದ.

ಹಾರಿಸುವ ಮೊದಲು ಹಿಂದಿನಿಂದ ತಾಯಿಯ ದನಿ ಬಂತು. "ಬಾಲದ ಹಿಂದೆ ನಿಂತು ನೋಡಿದ್ಯೇನಪ್ಪಾ?"

"ನೋಡ್ದೆ ಅಮ್ಮ."

"ಅವಳು ನೋಡಿದ್ಲಾ?"

"ನಾನೂ ನೋಡ್ದೆ ಅತ್ತೆ."

ವಿಮಾನ ಎದ್ದಿತು. ಗಾಳಿಗೆ ಎಡ ರೆಕ್ಕೆ ತಗ್ಗಿತು. ದರ್ಜಿ ಕಡ್ಡಿಯನ್ನು ಬಲಕ್ಕೆ ತಳ್ಳಿದ. ರೆಕ್ಕೆ ನೆಟ್ಟಗಾಯಿತು. ನಾದಿನಿ ಪಕ್ಕದಲ್ಲೇ ನಿಂತಿದ್ದಳು. ತಮ್ಮ ಕಡೆ ಬರುವ ವಿಮಾನದ ಎಡಬಲ ಮತ್ತೆ ಅದಲುಬದಲಾಗಿ ಕಾಣುತ್ತದೆ ಎಂದು ನೆನಪಿಸಿದಳು. ದರ್ಜಿ ಅದನ್ನು ಜನರ ತಲೆಯ ಮೇಲೆ ತರದೆ, ಬಯಲಿನ ಆ ಬದಿಯಲ್ಲೇ ದೊಡ್ಡದಾಗಿ ತಿರುಗಿಸಿದ.

"ಅಗೋ," ಕುರ್ಚಿಯಲ್ಲಿದ್ದ ಮುದುಕಿ ಸೊಸೆಯ ಕೈ ಹಿಡಿದುಕೊಂಡಳು. "ಕೆಂಪು ಕಾಣ್ತಿದೆ. ಕಾಣ್ತಿದೆ ಕಣೇ! ನನ್ನ ಮಗ ಹಾರಿಸ್ತಿದ್ದಾನೆ." ಸ್ವಲ್ಪ ಹೊತ್ತಿನ ಮೇಲೆ, "ಕಣ್ಣಿಗೆ ಅದೇನೋ ಆಪರೇಷನ್ ಅಂದಿದ್ರಲ್ಲ, ಮಾಡಿಸೋಣ. ಪಟ್ಟೆ ಒಂದೇ ನೋಡಿದ್ರೆ ಸಾಲದು," ಎಂದಳು.

ದರ್ಜಿ ತಿರುಗಿ ನೋಡಲಿಲ್ಲ. ಹಾರಿಸುವಾಗ ವಿಮಾನದಿಂದ ಕಣ್ಣು ತೆಗೆಯಬಾರದು ಎಂದು ನಾದಿನಿ ಹೇಳಿದ್ದಳು. ಕಣ್ಣು ಒದ್ದೆಯಾಗಿತ್ತು. ಅದಕ್ಕೇ ಬೇಗ ಇಳಿಸಿದ.

ಇದನ್ನು ಓದುತ್ತಿರುವವರೇ, ಕೇಳುತ್ತಿರುವವರೇ, ನಿಮ್ಮ ಮನೆಯಲ್ಲೂ ಒಂದು ವಿಮಾನ ಇರಬಹುದು. ಹಾರಿಸಿ, ಬೇಡ ಎನ್ನುವವರಾರು? ಆದರೆ ತಂತಿ, ರಸ್ತೆ, ಜನ ಇಲ್ಲದ ಬಯಲಿಗೆ ಹೋಗಿ. ನಿಮ್ಮ ಊರಿನ ನಿಯಮ ಕೇಳಿಕೊಳ್ಳಿ. ಬ್ಯಾಟರಿಯನ್ನು ಬಟ್ಟೆಯ ಮೇಲೆ ಮಲಗಿಸಬೇಡಿ. ಬಾಲದ ಹಿಂದೆ ನಿಂತು ನೋಡಿ, ಇನ್ನೊಬ್ಬರಿಗೂ ತೋರಿಸಿ. ಇದೆಲ್ಲಕ್ಕಿಂತ ಮೊದಲು ಒಂದು ಕೆಲಸ ಮಾಡಿ: ನೀವು ಯಾರಿಗೆ ತೋರಿಸಬೇಕೆಂದು ಹೋಗಿದ್ದೀರೋ ಅವರ ಕುರ್ಚಿ ಎಲ್ಲಿದೆ, ತಿರುಗಿ ನೋಡಿ.