ಅಕ್ಕ ತುಂಬಿಸಿದ ನೀರು

ಸಾಮ್ರಾಜ್ಯಗಳು ಯಾಕೆ ಬಿದ್ದವು ಎಂಬುದನ್ನು ಇತಿಹಾಸಕಾರರು ದಪ್ಪ ದಪ್ಪ ಪುಸ್ತಕಗಳಲ್ಲಿ ಬರೆದಿಟ್ಟಿದ್ದಾರೆ. ನಮ್ಮ ಎರಡು ಸಂಸಾರಗಳು ಬೀಳುವ ಹಂತಕ್ಕೆ ಬಂದದ್ದನ್ನು ಮಾತ್ರ ಯಾರೂ ಬರೆದಿಲ್ಲ. ಆದ್ದರಿಂದ ಆ ಗುರುತರ ಹೊಣೆ ನನ್ನ ಮೇಲೆ ಬಿದ್ದಿದೆ. ಕಾರಣ ಒಂದು ಟ್ಯಾಂಕು ನೀರು. ತೊಂಬತ್ತು ಲೀಟರ್, ಕುಡಿಯುವ ನೀರು.

ನನ್ನ ಹೆಂಡತಿ ಮತ್ತು ಅವಳ ತಂಗಿ ಸೇರಿ ಒಂದು ಕ್ಯಾಂಪರ್ ವ್ಯಾನು ಕೊಂಡಿದ್ದರು. ಒಳಗೇ ಹಾಸಿಗೆ, ಒಲೆ, ಅಂಗೈಯಗಲದ ಸಿಂಕು. ಒಂದು ತಿಂಗಳು ನಮ್ಮ ಸರದಿ, ಮುಂದಿನ ತಿಂಗಳು ಅವರದು. ನಾನೂ ನನ್ನ ಷಡ್ಡಕನೂ ಈ ವ್ಯವಹಾರದಲ್ಲಿ ಇದ್ದೆವು, ಮದುವೆಯ ಫೋಟೋದಲ್ಲಿ ಹಿಂದಿನ ಸಾಲಿನವರು ಇರುವ ಹಾಗೆ.

ಗಾಡಿ ಒಪ್ಪಿಸುವಾಗ ಟ್ಯಾಂಕು ತುಂಬಿರಬೇಕೆಂದು ಯಾರೂ ನಿಯಮ ಮಾಡಿರಲಿಲ್ಲ. ಆದರೆ ನನ್ನ ಹೆಂಡತಿ ಅದನ್ನು ಪಾಲಿಸುತ್ತಿದ್ದಳು. ನೀರು ತುಂಬಿಸುವ ಪೈಪಿಗೆ ನಮ್ಮ ಮನೆಯಲ್ಲಿ ಪ್ರತ್ಯೇಕ ಮೊಳೆಯಿತ್ತು. ಗಿಡಕ್ಕೆ ನೀರು ಹಾಕುವ ಪೈಪು ಅದರ ಹತ್ತಿರ ಸುಳಿಯುವಂತಿರಲಿಲ್ಲ. ಮೊದಲು ನಲ್ಲಿಯ ನೀರನ್ನು ಬಕೆಟ್ಟಿಗೆ ಹರಿಯಬಿಟ್ಟು, ಒಂದು ಲೋಟ ಹಿಡಿದು, ಬೆಳಕಿಗೆ ಎತ್ತಿ ನೋಡಿ, ಕುಡಿದು, ಆಮೇಲೆ ನನಗೂ ಕುಡಿಸಿ, "ಹೇಗಿದೆ?" ಎನ್ನುವಳು. ನೀರಿನ ಹಾಗಿದೆ ಎಂದು ಒಮ್ಮೆ ಹೇಳಿ ನಾನು ಪಶ್ಚಾತ್ತಾಪ ಪಟ್ಟಿದ್ದೆ. ಪೈಪಿನ ತುದಿ ನೆಲಕ್ಕೆ ತಾಗಿದರೆ ಎಲ್ಲವೂ ಮೊದಲಿನಿಂದ. ಟ್ಯಾಂಕು ತುಂಬಿ ಬಾಯಿಯಲ್ಲಿ ಉಕ್ಕುವ ಹೊತ್ತಿಗೆ ನೀರು ಶುದ್ಧಿ ಮಾಡುವ ಮಾತ್ರೆ ಹಾಕಿ, ಮುಚ್ಚಳ ತಿರುಗಿಸಿ, "ಇನ್ನು ಅವಳಿಗೆ ಚಿಂತೆಯಿಲ್ಲ" ಎಂದು ಕೈ ಒರೆಸಿಕೊಳ್ಳುವಳು.

ಹಾಗೊಮ್ಮೆ ತಂಗಿಯ ಮನೆ ಮುಂದೆ ಗಾಡಿ ನಿಲ್ಲಿಸಿ, ಕೀಲಿ ಕೊಟ್ಟು, ಹಿಂದೆಯೇ ತಂದಿದ್ದ ನಮ್ಮ ಕಾರಿನಲ್ಲಿ ಹೊರಟೆವು. ಬೀದಿಯ ತಿರುವಿನಲ್ಲಿ ಹೆಂಡತಿಗೆ ಕನ್ನಡಕ ಗಾಡಿಯಲ್ಲೇ ಉಳಿದದ್ದು ನೆನಪಾಯಿತು. ವಾಪಸು ಬಂದೆವು. ಗಾಡಿಯ ಅಡಿಯಿಂದ ನೀರು ಧಾರಾಕಾರವಾಗಿ ಹರಿದು ಚರಂಡಿ ಸೇರುತ್ತಿತ್ತು. ಪಕ್ಕದಲ್ಲಿ ತಂಗಿ ಕುಕ್ಕರುಗಾಲಲ್ಲಿ ಕೂತು, ಟ್ಯಾಂಕು ಖಾಲಿ ಮಾಡುವ ನಲ್ಲಿ ಹಿಡಿದುಕೊಂಡು, ಹಾಡು ಗುನುಗುತ್ತಿದ್ದಳು.

"ಏನೇ ಇದು?"

ತಲೆ ಎತ್ತಲು ಹೋಗಿ ತಂಗಿ ಗಾಡಿಗೆ ಹಣೆ ಚಚ್ಚಿಕೊಂಡಳು. "ಅಯ್ಯೋ ಅಕ್ಕಾ... ಸೋರ್ತಾ ಇತ್ತು, ನೋಡೋಣ ಅಂತ..."

"ಸೋರ್ತಾ ಇಲ್ಲ, ನೀನು ಸೋರಿಸ್ತಾ ಇದ್ದೀಯ. ಕೈ ನಲ್ಲಿ ಮೇಲೇ ಇದೆ."

"ಹಳೇ ನೀರಲ್ವಾ, ಬೇರೆ ತುಂಬಿಸೋಣ ಅಂತ..."

"ಹಳೇದಾ? ಬೆಳಿಗ್ಗೆ ತುಂಬಿಸಿದ್ದು! ನೀನು ಹಾಕ್ಕೊಂಡಿರೋ ಬಟ್ಟೆಗಿಂತ ಹೊಸದು!"

ಸಿಕ್ಕಿಬಿದ್ದ ಮೇಲೆ ನಾಚಿಕೆ ಪಡುವ ಜಾಯಮಾನ ಆ ಮನೆತನದಲ್ಲೇ ಇಲ್ಲ. ತಂಗಿ ಎದ್ದು ನಿಂತಳು. "ನೀನು ಮಾತ್ರೆ ಸುರೀತೀಯಲ್ಲ ಅಕ್ಕಾ, ಟೀ ಕುಡಿದ್ರೆ ಈಜುಕೊಳಕ್ಕೆ ಬಾಯಿ ಹಾಕಿದ ಹಾಗಿರತ್ತೆ. ಒಂದು ಸಾಕು ಅಂತ ಡಬ್ಬಿ ಮೇಲೇ ಬರ್ದಿದೆ."

"ಎಷ್ಟು ಸಲ ಚೆಲ್ಲಿದ್ದೀಯ?"

ಬಾಗಿಲಲ್ಲಿ ನಿಂತಿದ್ದ ಷಡ್ಡಕ ಹುಟ್ಟಾ ಸತ್ಯವಂತ. "ಗಾಡಿ ತಗೊಂಡಾಗ್ಲಿಂದ್ಲೂ ಅತ್ತಿಗೆ," ಎಂದ.

ನನ್ನ ಹೆಂಡತಿಯ ಮುಖಕ್ಕೆ ರಕ್ತ ನುಗ್ಗಿತು. "ಇಷ್ಟು ದಿನ! ನಾನು ಬೆನ್ನು ಬಗ್ಗಿಸಿ ತುಂಬಿಸೋದು, ನೀನು ನನ್ನ ಬೆನ್ನ ಹಿಂದೆ ಚರಂಡಿಗೆ ಕುಡಿಸೋದು! ಹೇಳೋಕೆ ಬಾಯಿರ್ಲಿಲ್ವಾ?"

"ನಿನಗೆ ಹೇಳೋದಾ? ನಿನಗೆ ಹೇಳಿ ಬದುಕಿದೋರು ಯಾರಿದ್ದಾರೆ? ಭಾವನ್ನೇ ಕೇಳು!"

ಎಲ್ಲರೂ ನನ್ನತ್ತ ನೋಡಿದರು. ನಾನು ನೀರು ಹರಿಯುವ ದಿಕ್ಕನ್ನು ಅಪಾರ ಆಸಕ್ತಿಯಿಂದ ಗಮನಿಸತೊಡಗಿದೆ.

ಕನ್ನಡಕ ಮರೆತೇ ವಾಪಸು ಹೊರಟೆವು. ದಾರಿಯುದ್ದಕ್ಕೂ ಹೆಂಡತಿ ಕಾರಿನ ಗಾಜಿನೊಂದಿಗೆ ಮಾತಾಡುತ್ತಿದ್ದಳು. "ನಾನು ಕೊಟ್ಟಿದ್ದು ಅವಳಿಗೆ ಕೊಳಕು. ನನ್ನ ಕೈ ಕೊಳಕು. ಚಿಕ್ಕವಳಿದ್ದಾಗ ಇದೇ ಕೈಯಲ್ಲಿ ಮೂಗೊರೆಸಿದ್ದೀನಿ, ಆಗ ಕೊಳಕಿರಲಿಲ್ಲ." ಮನೆ ತಲುಪುವಷ್ಟರಲ್ಲಿ ತೀರ್ಮಾನವಾಗಿತ್ತು. "ಇನ್ನೊಂದೊಂದು ಸರದಿ ಮುಗೀಲಿ. ಆಮೇಲೆ ಗಾಡಿ ಮಾರಿಬಿಡೋಣ. ಅವಳ ಪಾಲು ಅವಳ ಮುಖದ ಮೇಲೆ ಎಸೀತೀನಿ."

ಗಾಡಿ ಹೋದರೆ ನನಗೇನೂ ನಷ್ಟವಿರಲಿಲ್ಲ. ಅದರ ಹಾಸಿಗೆಯಲ್ಲಿ ನನ್ನ ಕಾಲು ಎಂದೂ ಪೂರ್ತಿ ಚಾಚಿದ್ದಿಲ್ಲ. ಆದರೆ ಆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿದ್ದದ್ದು ಗಾಡಿ ಒಪ್ಪಿಸುವ ನೆಪದಲ್ಲಿ ಮಾತ್ರ. ಆ ನೆಪವೂ ಹೋದರೆ ಇನ್ನು ಯಾರದಾದರೂ ಮದುವೆಗೇ ಕಾಯಬೇಕು, ಅದೂ ಬೇರೆ ಬೇರೆ ಸಾಲಿನಲ್ಲಿ ಕೂತು. ಷಡ್ಡಕನೂ ನನಗೆ ಗುಟ್ಟಾಗಿ ಫೋನು ಮಾಡಿ ಇದನ್ನೇ ಹೇಳಿದ. "ಏನಾದ್ರೂ ಮಾಡಿ ಅಣ್ಣಾ," ಎಂದ. ಮಾಡುವುದೇನಿದ್ದರೂ ಬಾಯಿ ಮುಚ್ಚಿಕೊಂಡಿರುವುದೇ ಎಂದೆ.

ಅವರ ಸರದಿ ಕಳೆದು ನಮ್ಮದೂ ಮುಗಿಯಿತು. ಒಪ್ಪಿಸುವ ದಿನ ಅಭ್ಯಾಸಬಲದಿಂದ ನಾನು ಮೊಳೆಯಿಂದ ಪೈಪು ತೆಗೆದೆ.

"ಇಡಿ ಕೆಳಗೆ."

"ನೆಲಕ್ಕೆ ತಾಗತ್ತಲ್ಲೇ."

"ತಾಗ್ಲಿ."

ಹೆಂಡತಿ ತಾನೇ ಬಗ್ಗಿ ಗಾಡಿಯ ಅಡಿಯ ನಲ್ಲಿ ತಿರುಗಿಸಿ ಕೊನೆಯ ಹನಿಯವರೆಗೂ ಸುರಿಸಿದಳು. ಈ ಸಲ ತಂಗಿಯೂ ಷಡ್ಡಕನೂ ನಮ್ಮಲ್ಲಿಗೇ ಬಂದರು. ಅಕ್ಕತಂಗಿಯರು ಕೀಲಿಯನ್ನು ಪರಕೀಯರ ಹಾಗೆ ಕೊಟ್ಟು ತೆಗೆದುಕೊಂಡರು. ಹೊತ್ತಾಯಿತೆಂದು ಅವರು ಮನೆಗೂ ಹೋಗದೆ ನೇರವಾಗಿ ಊರಾಚೆಯ ಕೆರೆಯ ದಂಡೆಗೆ ಹೊರಟರು. ನಾನು ಬಾಯಿ ತೆರೆದೆ, ಹೆಂಡತಿ ನೋಡಿದಳು, ಮುಚ್ಚಿದೆ.

ಮಧ್ಯಾಹ್ನ ಫೋನು ಬಂತು. ತಂಗಿಯ ದನಿ ಪಕ್ಕದ ಕೋಣೆಯಲ್ಲಿದ್ದ ನನಗೂ ಕೇಳಿಸಿತು.

"ಅಕ್ಕಾ! ಟ್ಯಾಂಕಲ್ಲಿ ಹನಿ ನೀರಿಲ್ಲ! ಕೈ ತುಂಬ ಸೋಪು, ಪಂಪು ಗೊರಗೊರ ಅಂತಿದೆ!"

"ಹೇಗೂ ಚೆಲ್ತಿದ್ಯಲ್ಲ. ಶ್ರಮ ತಪ್ಪಿಸಿದೆ."

"ಚೆಲ್ಲೋದು ಬೇರೆ! ನೀನು ತುಂಬಿಸದೇ ಕೊಡೋದು ಬೇರೆ!"

"ಎಂಥಾ ನ್ಯಾಯವೇ ನಿಂದು! ತುಂಬಿಸೋಕೆ ನಾನು, ಚೆಲ್ಲೋಕೆ ನೀನು! ಹೊರಡೋ ಮುಂಚೆ ಗೇಜು ನೋಡೋಕಾಗಲ್ವಾ? ಕಣ್ಣಿಲ್ವಾ?"

"ನೀನು ಕೊಟ್ಟ ಗಾಡೀಲಿ ಗೇಜು ಯಾಕೆ ನೋಡ್ಲಿ? ಯಾವತ್ತಾದ್ರೂ ನೋಡಿದ್ದೀನಾ? ನೀನು ಹೀಗೆ ಮಾಡ್ತೀಯ ಅಂತ ನನಗೇನು ಕನಸಾ?" ದನಿ ಒಡೆಯಿತು. "ಇಲ್ಲಿ ಹತ್ತಿರದಲ್ಲೆಲ್ಲೂ ನಲ್ಲಿಯಿಲ್ಲ. ಕೆರೆ ನೀರು ಪಾಚಿ ಹಸಿರು."

ನನ್ನ ಹೆಂಡತಿ ಫೋನಿಟ್ಟಳು. ಅವಳು ಉತ್ತರ ಕೊಡದೆ ಫೋನಿಟ್ಟದ್ದನ್ನು ನಾನು ಮದುವೆಯಾದಾಗಿನಿಂದ ಕಂಡಿರಲಿಲ್ಲ. ಕೂತಳು. ಎದ್ದಳು. ಪೈಪನ್ನು ಬಿಸಿನೀರಲ್ಲಿ ತೊಳೆದಳು.

"ದೊಡ್ಡ ಕ್ಯಾನುಗಳನ್ನ ಕಾರಿಗೆ ಹಾಕಿ."

"ನೀರು ಕೊಡೋಕೆ ಹೋಗೋಣವಾ?"

"ಬೈಯೋಕೆ ಹೋಗ್ತಿದ್ದೀನಿ. ಫೋನಲ್ಲಿ ಸಾಕಾಗಲ್ಲ. ನೀರು ಜೊತೇಲಿರ್ಲಿ."

ಕೆರೆಯ ದಂಡೆಯಲ್ಲಿ ತಂಗಿ ಒಣಗಿದ ಸೋಪಿನ ಕೈಗಳನ್ನು ಮೈಗೆ ತಾಗದಂತೆ ದೂರ ಹಿಡಿದುಕೊಂಡು ನಿಂತಿದ್ದಳು. ಹೆಂಡತಿ ಕಾರು ನಿಲ್ಲುವ ಮೊದಲೇ ಬಾಗಿಲು ತೆರೆದು ಬೈಯತೊಡಗಿದಳು. ಬೈಯುತ್ತಲೇ ಮೊದಲ ಕ್ಯಾನಿನಿಂದ ತಂಗಿಯ ಕೈಗೆ ನೀರು ಹೊಯ್ದಳು. ತಂಗಿ ಎದುರು ಬೈಯುತ್ತಲೇ ಕೈ ಉಜ್ಜಿಕೊಂಡಳು. ನಾವಿಬ್ಬರು ಗಂಡಸರು ಆಲಿಕೆ ಹಿಡಿದು ಉಳಿದದ್ದನ್ನು ಟ್ಯಾಂಕಿಗೆ ಸುರಿದೆವು.

"ಮಾತ್ರೆ ಹಾಕಿದ್ಯಾ?" ಎಂದಳು ತಂಗಿ.

"ಹಾಕದೇ ತರ್ತೀನಾ?"

"ಎಷ್ಟು?"

"ಎಷ್ಟು ಹಾಕ್ಬೇಕೋ ಅಷ್ಟು."

"ಅಕ್ಕಾ!"

"ಹೊಟ್ಟೆ ಕೆಟ್ರೆ ನಿನ್ನ ಜೊತೆ ಆಸ್ಪತ್ರೇಲಿ ಕೂರೋರು ಯಾರು? ನಾನು ತಾನೇ?"

ತಂಗಿ ಟೀ ಮಾಡಿದಳು. ಮೊದಲ ಗುಟುಕಿಗೆ ಷಡ್ಡಕ ಏನೋ ಹೇಳಲು ಬಾಯಿ ತೆರೆದ. ನಾನು ಅವನ ಕಾಲು ತುಳಿದೆ. ತಂಗಿ ಲೋಟ ಖಾಲಿ ಮಾಡಿ, ಮುಖ ಹುಳ್ಳಗೆ ಮಾಡಿಕೊಂಡು, ಇನ್ನೊಂದು ಲೋಟ ಬಗ್ಗಿಸಿಕೊಂಡಳು. ಸಂಜೆಯವರೆಗೂ ಇಬ್ಬರೂ ಜಗಳವಾಡಿದರು; ಹೊರಡುವಾಗ, ಅಂದಿನಿಂದ ತಂಗಿಯ ಚೀಲದಲ್ಲೇ ಉಳಿದಿದ್ದ ಕನ್ನಡಕ ಕೇಳಿ ಇಸಿದುಕೊಂಡದ್ದೂ ಜಗಳವಾಡುತ್ತಲೇ.

ಗಾಡಿ ಮಾರಲಿಲ್ಲ. ನನ್ನ ಹೆಂಡತಿ ಈಗಲೂ ಟ್ಯಾಂಕು ತುಂಬಿಸಿಯೇ ಕೊಡುತ್ತಾಳೆ. ತಂಗಿ ಈಗಲೂ ಚೆಲ್ಲುತ್ತಾಳೆ.